ಮುಂಬೈಯಿಂದ ಬರುತ್ತಿದ್ದ ‘ಪುರೋ’

ಬೋಟಿನ ಪಕ್ಕೆಮರಗಳೆಲ್ಲ ನಿಂತು, ಕೆಳಗಿನ ಹಲಗೆಗಳು ಸುತ್ತು ಬರುತ್ತಿದ್ದ ಹೊತ್ತಿಗೆ ನಮ್ಮ ಮೇಸ್ತ್ರಿಯ ಮೂತ್ರಪಿಂಡ ಕೈಕೊಟ್ಟಿತು. ಕಾಲು ಬಾತಿತ್ತು, ಮುಖ ಬಾತಿತ್ತು. ಆದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೊಳೆದಂಡೆಗೆ ಬಂದು ದಿಮ್ಮಿಯ ಮೇಲೆ ಕೂತಿರುತ್ತಿದ್ದರು. ಒಂದು ದಿನ ಕೂತಲ್ಲಿಂದ ಏಳಲಾಗಲಿಲ್ಲ. ಡಯಾಲಿಸಿಸ್ ಮಾಡಿಸುತ್ತಲೇ ಇರಬೇಕು, ಬೇರೆ ದಾರಿಯಿಲ್ಲ ಎಂದರು ಡಾಕ್ಟರು. ಇದ್ದ ಒಬ್ಬಳೇ ಮಗಳು ಮುಂಬೈಯಲ್ಲಿ. ಅವಳು ಬಂದು ರೈಲಿನಲ್ಲಿ ಕರೆದುಕೊಂಡು ಹೋದಳು.

ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವುದಕ್ಕಿಂತ ಸ್ವಲ್ಪ ಮೇಲೆ ನಮ್ಮ ಕೆಲಸದ ಜಾಗ. ಮೀನು ಹಿಡಿಯುವ ಮರದ ಬೋಟು ಕಟ್ಟುವುದು ನಮ್ಮ ಉದ್ಯೋಗ. ನಾನು ಆರನೇ ಇಯತ್ತೆ ಅರ್ಧಕ್ಕೆ ಬಿಟ್ಟು ಅವರ ಕೈಕೆಳಗೆ ಸೇರಿದವನು. ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿಲ್ಲ. ಮಾವ ಎಂದು ಕರೆಯುತ್ತಿದ್ದೆ, ಅವರು ತಮಾ ಎನ್ನುತ್ತಿದ್ದರು. ಮರ ಕೆತ್ತುವ ಬಾಚಿ ಹಿಡಿಯುವುದರಲ್ಲಿ ನನ್ನ ಸಮಕ್ಕೆ ಬರುವವರು ಆಗ ಆ ದಂಡೆಯಲ್ಲಿ ಯಾರೂ ಇರಲಿಲ್ಲ. ನಾನೇ ಹೇಳಿಕೊಂಡರೂ ಅದು ಸುಳ್ಳಲ್ಲ. ಆದರೆ ಬೋಟು ಅವರದು. ನಮ್ಮಲ್ಲಿ ಕಾಗದದ ನಕ್ಷೆ ಇರುತ್ತಿರಲಿಲ್ಲ. ದೂರ ನಿಂತು ಒಂದು ಕಣ್ಣು ಮುಚ್ಚಿ ಅವರು ನೋಡಿದ್ದೇ ನಕ್ಷೆ.

ಫೈಬರ್ ಬೋಟು, ಕಬ್ಬಿಣದ ಬೋಟು ಬರತೊಡಗಿದ್ದ ಕಾಲ ಅದು. ಮರದ ದೊಡ್ಡ ಬೋಟು ಕಟ್ಟಲು ಇನ್ನೊಬ್ಬರು ಬರುವುದು ಸಂಶಯ ಎಂಬುದು ನಮಗೆಲ್ಲ ಗೊತ್ತಿತ್ತು. ಹೊರಡುವ ದಿನ ಸ್ಟೇಷನ್ನಿನಲ್ಲಿ ಅವರು ಆಡಿದ್ದು ಅದೊಂದೇ ಮಾತು.

‘ತಮಾ, ಈ ಬೋಟು ಮಾತ್ರ ನನ್ನ ಬಾಯಲ್ಲೇ ಮುಗೀಬೇಕು.’

ಎಲ್ಲಿಂದ, ಹೇಗೆ ಎಂದು ನಾನು ಕೇಳಲಿಲ್ಲ. ದಾರಿ ತೋರಿಸಿದ್ದು ಬೋಟಿನ ಯಜಮಾನರು. ಅವರ ಮನೆ ಭಟ್ಕಳದ ಹತ್ತಿರ ಜಾಲಿಯಲ್ಲಿ. ಮೇಸ್ತ್ರಿ ಮುಂಬೈಗೆ ಹೋದ ಸುದ್ದಿ ಕೇಳಿ ಓಡಿ ಬಂದರು. ಬೋಟನ್ನು ಒಂದು ಸುತ್ತು ಹಾಕಿ, ನನ್ನ ಮುಖ ನೋಡದೆಯೇ ಹೇಳಿದರು: ‘ನಾ ಕಟ್ಟೂಕೆ ಕೊಟ್ಟದ್ದು ಅವರಿಗೆ, ನಿಂಗಲ್ಲ. ಬೇಜಾರ ಮಾಡ್ಕಬೇಡ.’

ಬೇಜಾರು ಮಾಡಿಕೊಳ್ಳದೆ ಇರಲು ನಾನು ಕಲ್ಲಲ್ಲ. ಆದರೆ ಅವರು ಮುಂದೆ ಹೇಳಿದ್ದು ಕೇಳಿ ಸುಮ್ಮನಾದೆ. ಅವರ ತಮ್ಮ ದುಬೈಯಲ್ಲಿದ್ದ. ಕಂಪ್ಯೂಟರಿಗೆ ಕ್ಯಾಮರಾ ಸಿಕ್ಕಿಸಿ ಪ್ರತಿ ಶುಕ್ರವಾರ ಮನೆಯವರೆಲ್ಲ ಅವನ ಜೊತೆ ಮುಖ ನೋಡಿ ಮಾತಾಡುತ್ತಾರಂತೆ. ಮೇಸ್ತ್ರಿಯ ಅಳಿಯನ ಮನೆಯಲ್ಲೂ ಕಂಪ್ಯೂಟರ್ ಇದೆ. ಅವರು ಅಲ್ಲಿಂದಲೇ ನೋಡಲಿ, ಅಲ್ಲಿಂದಲೇ ಹೇಳಲಿ. ಆಗದಿದ್ದರೆ ಅರೆಕಟ್ಟಿದ ಬೋಟನ್ನು ಬೇರೆ ಮೇಸ್ತ್ರಿಗೆ ಒಪ್ಪಿಸುವುದು. ಬೇರೆಯವನು ಬಂದರೆ ಮೊದಲು ಮಾಡುವ ಕೆಲಸ ಹಿಂದಿನವನ ಹಲಗೆ ಕೀಳುವುದು. ನಾನು ಹೂಂ ಎಂದೆ.

ನಮ್ಮ ಶೆಡ್ಡಿಗೆ ಫೋನೇ ಇರಲಿಲ್ಲ. ರಸ್ತೆಯ ಆಚೆ ಐಸ್ ಪ್ಲಾಂಟ್. ಅವರ ಆಫೀಸಿಗೆ ಬ್ರಾಡ್‌ಬ್ಯಾಂಡ್ ಬಂದು ಕೆಲವೇ ತಿಂಗಳಾಗಿತ್ತು. ಅಲ್ಲಿಂದ ನೀಲಿ ಕೇಬಲನ್ನು ಅಡಕೆ ದಬ್ಬೆಗಳ ಮೇಲೆ ಎಳೆದು, ಮೀನಿನ ಲಾರಿಗೆ ತಾಗದಷ್ಟು ಎತ್ತರದಲ್ಲಿ ರಸ್ತೆ ದಾಟಿಸಿ ಶೆಡ್ಡಿಗೆ ತಂದೆ. ಯಜಮಾನರು ತಮ್ಮ ಹಳೆಯ ಕಂಪ್ಯೂಟರ್ ಕೊಟ್ಟರು. ಮರದ ಹೊಟ್ಟು ಫ್ಯಾನಿಗೆ ಹೊಕ್ಕು ಅದು ಮೊದಲ ವಾರವೇ ನಿಂತಿತು. ಕುಮಟೆಯ ಅಂಗಡಿಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ರಿಪೇರಿ ಮಾಡಿಸಿ ತಂದೆ. ಆಮೇಲೆ ಅದಕ್ಕೆ ಗಾಜಿನ ಬಾಗಿಲಿನ ಪೆಟ್ಟಿಗೆ ಮಾಡಿದೆ, ಗಾಳಿ ಬರುವ ಕಡೆಗೆ ಸೊಳ್ಳೆಪರದೆಯ ಬಟ್ಟೆ ಹೊಡೆದೆ. ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವ ಹೆಂಗಸೊಬ್ಬರಿದ್ದರು. ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. ಸಾಫ್ಟ್‌ವೇರ್ ಹಾಕಿಕೊಟ್ಟು, ಹಸಿರು ಗುಂಡಿ ಎಲ್ಲಿ, ಕೆಂಪು ಗುಂಡಿ ಎಲ್ಲಿ ಎಂದು ಕಲಿಸಿದ್ದು ಅವರೇ.

‘ನಿಮ್ಮ ಬೋಟು ತೇಲೂಕೆ ಮುಂಚೆ ನಮ್ಮ ಲೈನ್ ಮುಳುಗ್ತದೆ, ನೋಡ್ತಾ ಇರಿ’ ಎಂದು ಅಣಕಿಸುತ್ತಲೇ ಕಲಿಸಿದರು. ಇಂಗ್ಲಿಷ್ ಓದಲು ನನಗೆ ಬಾರದು. ಯಾವ ಸಾಲಿನ ಎಷ್ಟನೆಯ ಮಾತು ಒತ್ತಿದರೆ ಏನಾಗುತ್ತದೆಂದು ಜಾಗ ನೋಡಿ ನೆನಪಿಟ್ಟುಕೊಂಡೆ. ಎರಡನೇ ಸಲ ಕೇಳಲಿಲ್ಲ.

ಮೊದಲ ದಿನ ಪರದೆಯಲ್ಲಿ ಮೇಸ್ತ್ರಿಯ ಮುಖ ಮೂಡಿದಾಗ ಕೆಲಸದವರು ಬಾಚಿ ಕೆಳಗಿಟ್ಟು ಸಾಲಾಗಿ ನಿಂತರು. ಒಬ್ಬ ತಲೆ ಬಾಚಿಕೊಂಡು ಬಂದಿದ್ದ. ಮುಂಬೈಯಲ್ಲಿ ಅವರ ಹಿಂದೆ ಗೋಡೆ, ಕ್ಯಾಲೆಂಡರ್, ಮಗಳ ಸೆರಗು ಕಾಣುತ್ತಿತ್ತು. ಇಳಿದುಹೋಗಿದ್ದರು. ಆದರೆ ಮಾತಿನಲ್ಲಿ ಇಳಿದಿರಲಿಲ್ಲ. ಹಗ್ಗ ಹಿಡಿಯುವವನ ಕಿವಿಯ ಮೇಲೆ ಸಿಕ್ಕಿಸಿದ್ದ ಬೀಡಿ ಇಲ್ಲಿಗೂ ಕಾಣುತ್ತದೆ, ಮರದ ಹೊಟ್ಟಿನ ಹತ್ತಿರ ಹಚ್ಚಿದರೆ ಅಲ್ಲಿಗೇ ಬಂದು ಬಡಿಯುತ್ತೇನೆ ಎಂದರು. ಎಲ್ಲ ನಕ್ಕರು. ಡಯಾಲಿಸಿಸ್ ಇಲ್ಲದ ದಿನ ಬೆಳಿಗ್ಗೆ ನಮ್ಮ ಚಾ ಆದ ಮೇಲೆ ಅವರು ಬಂದು ಕೂರುವುದು ಎಂದು ನಿಗದಿಯಾಯಿತು.

ಎರಡನೇ ದಿನವೇ ಬೈಗಳು ತಿಂದೆ. ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಬಿಗಿದ ದಾರವನ್ನು ಕ್ಯಾಮರಾಕ್ಕೆ ತೋರಿಸಿದಾಗ, ದಾರ ಜೋತುಬಿದ್ದಿದೆ, ಕಟ್ಟಿದವನು ಯಾರು ಎಂದರು. ಬೆರಳಿಂದ ಮೀಟಿದರೆ ಟಣ್ ಎನ್ನುವಷ್ಟು ಬಿಗಿಯಾಗಿ ಕಟ್ಟಿದ್ದವನು ನಾನೇ. ನನಗೆ ಉರಿಯಿತು. ಸಂಜೆ ನೇರವಾದ ರೀಪನ್ನು ಕ್ಯಾಮರಾದ ಮುಂದೆ ಮೇಲೆ ಕೆಳಗೆ ಆಡಿಸಿ ಪರದೆ ನೋಡಿದೆ. ಚಿತ್ರದ ನಡುವೆ ರೀಪು ನೇರ, ಅಂಚಿಗೆ ಹೋದರೆ ಬಿಲ್ಲು. ಮರುದಿನದಿಂದ ಕ್ಯಾಮರಾವನ್ನು ಉದ್ದದ ಕೋಲಿಗೆ ಕಟ್ಟಿ, ಹಲಗೆಯನ್ನು ತುಂಡುತುಂಡಾಗಿ, ಪ್ರತಿ ತುಂಡೂ ಚಿತ್ರದ ನಡುವೆ ಬರುವಂತೆ ತೋರಿಸುತ್ತ ನಡೆದೆ. ಅವರು ತುಂಡುಗಳನ್ನು ತಲೆಯಲ್ಲಿ ಜೋಡಿಸಿಕೊಂಡರು. ಕೆಲಸ ಸಾಗಿತು. ಬದಿಯ ಹಲಗೆಗಳು ಒಂದೊಂದಾಗಿ ಏರಿದವು. ಸಂದಿಗೆ ಹತ್ತಿ ತುಂಬುವುದು, ರಾಳ ಬಳಿಯುವುದು, ಎಲ್ಲವನ್ನೂ ಅವರು ಅಲ್ಲಿಂದ ಹೇಳಿದರು, ನಾವು ಇಲ್ಲಿ ಮಾಡಿದೆವು. ಬೇರೆ ದಂಡೆಯ ಬಡಗಿಗಳು ನೋಡಲು ಬಂದರು. ಯಜಮಾನರು ಇಡಗುಂಜಿಗೆ ಹೋಗಿ ಬಂದು ಪಂಚಕಜ್ಜಾಯ ಹಂಚಿದರು.

ಆಮೇಲೆ ಮೂತಿಯ ಹಲಗೆ ಬಂತು.

ಬದಿಯ ಹಲಗೆ ಹೆಚ್ಚು ಬಾಗಬೇಕಿಲ್ಲ. ಮೂತಿಯದು ಬಾಗುವುದರ ಜೊತೆಗೆ ತಿರುಚಿಯೂ ಕೊಳ್ಳಬೇಕು. ಹೆಬ್ಬಲಸಿನ ಉದ್ದ ಹಲಗೆಯನ್ನು ಹೊಳೆಯಲ್ಲಿ ನೆನೆಹಾಕಿ, ಮೀನೆಣ್ಣೆ ಬಳಿದು, ಒದ್ದೆ ಗೋಣಿ ಸುತ್ತಿ, ಅಡಿಯಿಂದ ತೆಂಗಿನ ಸಿಪ್ಪೆಯ ಬೆಂಕಿ ಕೊಡುತ್ತೇವೆ. ಬಿಸಿ ಒಳಗಿಳಿದ ಮೇಲೆ ಹಿಂದಿನ ತುದಿಯನ್ನು ಬೋಲ್ಟಿನಲ್ಲಿ ಭದ್ರಮಾಡಿ, ಮುಂದಿನ ತುದಿಯನ್ನು ಕಪ್ಪಿ ಹಗ್ಗದಲ್ಲಿ ಎಳೆಯುತ್ತ, ಎಳೆದಷ್ಟನ್ನು ಕ್ಲಾಂಪಿನಲ್ಲಿ ಕಚ್ಚಿಸುತ್ತ ಹೋಗುವುದು. ಹೆಚ್ಚು ಎಳೆದರೆ ಸೀಳುತ್ತದೆ. ಅಂಜಿ ಬೇಗ ನಿಲ್ಲಿಸಿದರೆ ತಣ್ಣಗಾಗಿ ಅಲ್ಲೇ ಹಟ ಹಿಡಿಯುತ್ತದೆ.

ಆ ಹೊತ್ತಿನಲ್ಲಿ ದಂಡೆಯಲ್ಲಿ ಒಂದೇ ಬಾಯಿ. ‘ಎಳಿ’ ಎಂದರೆ ಎಳೆಯಬೇಕು, ‘ಪುರೋ’ ಎಂದರೆ ನಿಲ್ಲಿಸಬೇಕು. ಹಗ್ಗ ಹಿಡಿಯುವವರು ಕೊಂಕಣಿಯವರಾದ್ದರಿಂದ ಸಾಕು ಎಂಬುದಕ್ಕೆ ನಮ್ಮಲ್ಲಿ ಮೊದಲಿನಿಂದಲೂ ಅವರ ಮಾತು. ಬೇರೆ ಯಾರೂ ಕೆಮ್ಮುವಂತಿಲ್ಲ. ನಡುವೆ ಇನ್ನೊಬ್ಬ ಬಾಯಿ ಹಾಕಿ ಕಪ್ಪಿ ಜಾರಿ ಒಬ್ಬನ ಕೈ ಹೋದದ್ದನ್ನು ಹಿರಿಯರು ಕಂಡಿದ್ದರಂತೆ. ಪುರೋ ಹೇಳುವವನೇ ಮೇಸ್ತ್ರಿ. ದುಡ್ಡು ಹಾಕಿದವರು ಯಾರೇ ಇರಲಿ, ಬೋಟು ಪುರೋ ಹೇಳಿದವನದು ಎನ್ನುತ್ತೇವೆ.

ಅಂದು ಕ್ಯಾಮರಾವನ್ನು ಮೂತಿಗೆ ನೇರವಾಗಿ ನಿಲ್ಲಿಸಿದೆ. ಎರಡು ಸ್ಪೀಕರ್‌ಗಳನ್ನು ಪಕ್ಕೆಮರಕ್ಕೆ ಕಟ್ಟಿ ದನಿ ಪೂರ್ತಿ ಏರಿಸಿದೆ. ಮುಂಬೈಯಿಂದ ‘ಎಳಿ’ ಬಂತು, ಹಗ್ಗ ಬಿಗಿಯಿತು. ‘ಪುರೋ’ ಬಂತು, ನಿಂತಿತು. ನಾಲ್ಕಾರು ಸಲ ಸರಿಹೋಯಿತು. ಹಲಗೆ ಮುಕ್ಕಾಲು ಬಾಗಿದ ಮೇಲೆ ಮತ್ತೊಂದು ‘ಎಳಿ’. ಹಗ್ಗ ಒಂದು ಗೇಣು ಬರುವಷ್ಟರಲ್ಲಿ ಮರದೊಳಗೆ ಚಿಟ್ ಎಂದದ್ದು ನನಗೆ ಕೇಳಿಸಿತು. ಸಿಪ್ಪೆಯೊಳಗೆ ಕಡಲೆ ಒಡೆದ ಹಾಗೆ, ಅಷ್ಟು ಸಣ್ಣದು. ಮತ್ತೆ ಚಿಟ್ ಚಿಟ್. ಹಗ್ಗ ಹಿಡಿದವನಿಗೂ ಕೇಳಿಸಿತು. ಅವನು ಎಳೆಯುತ್ತಲೇ ನನ್ನ ಮುಖ ನೋಡಿದ. ನಾನು ಪರದೆ ನೋಡಿದೆ. ಮೇಸ್ತ್ರಿ ಮುಂದಕ್ಕೆ ಬಾಗಿ ನೋಡುತ್ತಲೇ ಇದ್ದರು. ಬಾಯಿ ಅವರದು. ನಾವು ಕಾದೆವು.

ಹಲಗೆ ಉದ್ದಕ್ಕೂ ಸೀಳಿತು. ಕ್ಲಾಂಪೊಂದು ಹಾರಿ ಶೆಡ್ಡಿನ ತಗಡಿಗೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲ ಸ್ತಬ್ಧವಾದ ಮೇಲೆ ಸ್ಪೀಕರಿನಿಂದ ಅವರ ದನಿ ಬಂತು.

‘ಪುರೋ.’

ಕೆಲಸದವರು ತಲೆ ತಗ್ಗಿಸಿದರು. ಪರದೆಯಲ್ಲಿ ಮೇಸ್ತ್ರಿ ಹಲಗೆಯನ್ನು ನೋಡಿದರು, ನಮ್ಮನ್ನು ನೋಡಿದರು. ಆಮೇಲೆ ತಮ್ಮ ಕೈಯನ್ನು ತಾವೇ ತಿರುಗಿಸಿ ನೋಡಿಕೊಂಡರು. ಕಣ್ಣು ಹೋಯಿತು, ಹೊತ್ತು ಗೊತ್ತಾಗಲಿಲ್ಲ ಎಂದು ಮಗಳಿಗೆ ಹೇಳುತ್ತಿದ್ದದ್ದು ನಮಗೆ ಕೇಳಿಸಿತು.

ಕಣ್ಣು ಹೋಗಿರಲಿಲ್ಲ. ಅದನ್ನು ಸಾಬೀತು ಮಾಡದೆ ನನಗೆ ಅನ್ನ ಇಳಿಯುವಂತಿರಲಿಲ್ಲ. ಮರುದಿನ ಅಕ್ಕೋರನ್ನು ಕರೆದುಕೊಂಡು ಬಂದೆ. ನಾನು ಕ್ಯಾಮರಾದ ಮುಂದೆ ಸುತ್ತಿಗೆಯಿಂದ ದಿಮ್ಮಿಗೆ ಹೊಡೆಯುವುದು, ಕಂಡ ಕೂಡಲೇ ಮೇಸ್ತ್ರಿ ಕೈ ಎತ್ತುವುದು. ಸುತ್ತಿಗೆ ಬಿದ್ದು, ನಾನು ಅದನ್ನು ಮತ್ತೆ ಹೆಗಲಿಗೆ ಎತ್ತಿದ ಮೇಲೆ ಇಲ್ಲಿ ಅವರ ಕೈ ಏಳುತ್ತಿತ್ತು. ಚಿತ್ರ ಅಲ್ಲಿಗೆ ಹೋಗಲು ಒಂದಿಷ್ಟು, ಅವರ ಮಾತು ಇಲ್ಲಿಗೆ ಬರಲು ಒಂದಿಷ್ಟು. ಮಾತಾಡುವಾಗ ಲೆಕ್ಕಕ್ಕೇ ಬಾರದ ಆ ಹೊತ್ತು ಮರ ಸೀಳಲು ಧಾರಾಳ ಸಾಕು.

ಇನ್ನೊಂದು ಸಂಗತಿ ಅದಕ್ಕಿಂತ ಕೆಟ್ಟದು. ಚಿಟ್ ಎಂದದ್ದು ಕೇಳಿಸಿತಾ ಎಂದು ಕೇಳಿದೆ. ಇಲ್ಲ ಎಂದರು. ಒಡೆದದ್ದು ಮಾತ್ರ ಕೇಳಿಸಿತಂತೆ. ಮೇಸ್ತ್ರಿ ಹಲಗೆಯನ್ನು ನಿಲ್ಲಿಸುತ್ತಿದ್ದದ್ದು ಕಣ್ಣಿನಿಂದ ಎಂದು ನಾವೆಲ್ಲ ತಿಳಿದಿದ್ದೆವು. ಅವರೂ ಹಾಗೇ ತಿಳಿದಿದ್ದರೋ ಏನೋ. ನಿಜವಾಗಿ ಕಿವಿಯಿಂದ. ಅಕ್ಕೋರು ಹುಡುಕಿ ಹೇಳಿದರು: ಮಾತು ಸ್ವಚ್ಛ ಕೇಳಿಸಲಿ ಎಂದು ಆ ಸಾಫ್ಟ್‌ವೇರ್ ಮನುಷ್ಯರ ದನಿ ಬಿಟ್ಟು ಉಳಿದ ಸಣ್ಣಪುಟ್ಟ ಸದ್ದನ್ನೆಲ್ಲ ಕಸವೆಂದು ಸೋಸಿ ತೆಗೆಯುತ್ತದೆ. ಮರದ ಮಾತು ಅದಕ್ಕೆ ಕಸ.

ಸೋಸುವುದನ್ನು ನಿಲ್ಲಿಸುವ ಒಂದು ಗುರುತು ಇತ್ತು, ನಿಲ್ಲಿಸಿದೆವು. ಗಾಳಿ, ಹೊಳೆ, ಐಸ್ ಪ್ಲಾಂಟಿನ ಜನರೇಟರ್ ಎಲ್ಲ ಒಟ್ಟಿಗೆ ನುಗ್ಗಿ ಮೇಸ್ತ್ರಿ ಕಿವಿ ಮುಚ್ಚಿಕೊಂಡರು. ಮೊಬೈಲ್ ಒಂದನ್ನು ಹಲಗೆಗೆ ಕಟ್ಟಿ, ಸದ್ದು ಫೋನಿನಲ್ಲಿ, ಚಿತ್ರ ಕಂಪ್ಯೂಟರಿನಲ್ಲಿ ಎಂದು ನೋಡಿದೆವು. ಸದ್ದು ಮೊದಲು ಹೋಗಿ ಚಿತ್ರ ಆಮೇಲೆ ಹೋಯಿತು. ಒಡೆದದ್ದು ಕೇಳಿಸಿದೆ, ಕಣ್ಣ ಮುಂದೆ ಹಲಗೆ ಇಡೀ ಇದೆ. ತಲೆ ತಿರುಗುತ್ತದೆ, ನಿಲ್ಲಿಸಿ ಎಂದರು. ಬೇಡದ ಹಲಗೆಯಲ್ಲಿ ಮಾಡಿದ ಆ ಪರೀಕ್ಷೆಯಲ್ಲಿ ಅದೂ ಸೀಳಿತು.

ಮಳೆಗಾಲ ಹತ್ತಿರ ಬರುತ್ತಿತ್ತು. ಅಷ್ಟು ಉದ್ದದ ಇನ್ನೊಂದು ಜೋಡಿ ಹಲಗೆಯನ್ನು ಯಜಮಾನರು ಘಟ್ಟದ ಮೇಲಿನಿಂದ ತರಿಸಿದರು. ಇದೂ ಹೋದರೆ ಬೋಟು ಇಲ್ಲಿಂದ ಎತ್ತುತ್ತೇನೆ ಎಂದು ಹೇಳಿಯೂ ಬಿಟ್ಟರು. ಆಮೇಲೆ ನನ್ನನ್ನು ಬದಿಗೆ ಕರೆದು ಹೆಗಲ ಮೇಲೆ ಕೈಯಿಟ್ಟರು. ಅವರಿಗೂ ಈಗ ವಿಷಯ ತಿಳಿದಿತ್ತು. ‘ಎಳೂವಾಗ ಸ್ಪೀಕರ್ ಬಂದ್ ಮಾಡು. ಅವ್ರು ಅಲ್ಲಿ ಹೇಳ್ತಾ ಇರ್ಲಿ, ನೀ ಇಲ್ಲಿ ಹೇಳು. ಮುದುಕರಿಗೆ ಗೊತ್ತಾಗೂದಿಲ್ಲ. ಬೋಟೂ ಆತು, ಅವ್ರ ಮನ್ಸೂ ಉಳೀತು.’

ಕೆಲಸದವರೂ ಅದೇ ಒಳ್ಳೆಯದೆಂದರು. ಒಂದು ರಾತ್ರಿ ಪೂರ್ತಿ ನನಗೂ ಅದೇ ಒಳ್ಳೆಯದೆನಿಸಿತು. ಬೆಳಿಗ್ಗೆ ಶೆಡ್ಡಿಗೆ ಬಂದು ಕಂಪ್ಯೂಟರಿನ ಪೆಟ್ಟಿಗೆ ತೆರೆದಾಗ ಆಗಲಿಲ್ಲ. ಎರಡು ಬಾಯಿ ಒಟ್ಟಿಗೆ ಆಡಬಾರದೆಂದು ನನಗೆ ಕಲಿಸಿದವರನ್ನು ದನಿಯಿಲ್ಲದ ಬಾಯಿ ಮಾಡಿ ಕೂರಿಸಿ, ಹಲಗೆ ಅವರ ಮಾತಿಗೆ ನಿಂತಿತೆಂದು ನಂಬಿಸುವುದು ನನ್ನಿಂದಾಗದು. ನಾನು ಹಲಗೆಯಲ್ಲಿ ಎಂದೂ ಬಿರುಕಿಗೆ ಮೇಣ ತುಂಬಿ ಮುಚ್ಚಿದವನಲ್ಲ.

ಅವರು ಬಂದು ಕೂತ ಕೂಡಲೇ ಹೇಳಿದೆ.

‘ಮಾವ, ಮೂತಿ ಹಲಗೆಗೆ ಪುರೋ ನಾನು ಹೇಳ್ತೆ.’

ಅವರು ಮಾತಾಡಲಿಲ್ಲ. ಮೊದಲು ಯಂತ್ರದ ತಡ ಎಂದುಕೊಂಡೆ. ಆಮೇಲೂ ಮಾತಿಲ್ಲ. ಹಿಂದಿನ ಕ್ಯಾಲೆಂಡರ್ ಫ್ಯಾನಿನ ಗಾಳಿಗೆ ಅಲುಗುತ್ತಿತ್ತು, ಹಾಗಾಗಿ ಚಿತ್ರ ನಿಂತಿಲ್ಲ ಎಂದು ಗೊತ್ತಾಯಿತು. ಕೊನೆಗೆ ಕೇಳಿದರು.

‘ನಾ ನೋಡ್ಲಕ್ಕಾ?’

ನೋಡಿ ಎಂದೆ.

ಹಲಗೆ ಏರಿಸಿದ ದಿನ ಗಾಳಿ ಕಡಿಮೆ ಇತ್ತು. ಬೆಂಕಿಯನ್ನು ನಾನೇ ನೋಡಿಕೊಂಡೆ. ಗೋಣಿಯಿಂದ ಏಳುವ ಹಬೆ ಬಿಳಿಯಿಂದ ತೆಳುವಾದ ಮೇಲೆ ಗೋಣಿ ತೆಗೆಸಿ, ಕೈಯ ಹಿಂಭಾಗ ಮುಟ್ಟಿಸಿ ನೋಡಿ, ಹಿಂದಿನ ತುದಿ ಬೋಲ್ಟ್ ಮಾಡಿಸಿದೆ. ಪರದೆಗೆ ಬೆನ್ನು ಹಾಕಿ, ಹಲಗೆಗೆ ಕಿವಿ ಕೊಟ್ಟು ನಿಂತೆ. ಸ್ಪೀಕರ್ ಬಂದ್ ಮಾಡಿರಲಿಲ್ಲ. ಅವರು ನಡುವೆ ಮಾತಾಡಿದರೆ ಏನು ಮಾಡುವುದೆಂದು ಹಗ್ಗದವರು ಕೇಳಿದ್ದರು. ಮಾತಾಡುವುದಿಲ್ಲ ಎಂದಿದ್ದೆ.

‘ಎಳಿ’ ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. ಹಲಗೆ ಬಂತು. ಪುರೋ. ಕ್ಲಾಂಪು ಕಚ್ಚಿತು. ಎಳಿ. ಪುರೋ. ಮುಕ್ಕಾಲು ಬಾಗಿದ ಜಾಗದಲ್ಲಿ ಉಸಿರು ಬಿಡಲು ಕೊಟ್ಟು, ಮತ್ತೊಮ್ಮೆ ಬಿಸಿನೀರು ಹೊಯ್ಯಿಸಿ, ಬೆರಳಷ್ಟು ಬೆರಳಷ್ಟೇ ಎಳೆಸಿದೆ. ಒಂದು ಚಿಟ್ ಕೇಳಿತು. ಮುಂದಿನದು ಬರುವುದರೊಳಗೆ ಪುರೋ ಎಂದೆ. ಹಗ್ಗ ನಿಂತಿತು. ಹಲಗೆ ನಡುಗಿ ಸುಮ್ಮನಾಯಿತು. ಅದರ ತುದಿ ಮೂತಿಯ ಮರದಲ್ಲಿ ಕೊರೆದ ಜಾಡಿನೊಳಗೆ, ಎಲ್ಲಿ ಕೂರಬೇಕೋ ಅಲ್ಲಿ ಕೂತಿತ್ತು.

ಅದೊಂದು ಸಲ ಮಾತ್ರ ತಿರುಗಿ ನೋಡಿದೆ. ಪರದೆಯಲ್ಲಿ ಮೇಸ್ತ್ರಿಯ ತುಟಿ ಆಡಿತು. ಪುರೋ ಎಂದೇ ಅದು ಆಡಿದ್ದು. ದನಿ ಬರಲಿಲ್ಲ. ಅವರ ಕಡೆಯ ಮೈಕನ್ನು ಅವರೇ ಮಗಳಿಗೆ ಹೇಳಿ ಬಂದ್ ಮಾಡಿಸಿಕೊಂಡು ಕೂತಿದ್ದರು. ಅವರು ಹೇಳಿದ್ದು ನನಗಿಂತ ಮೊದಲೋ, ಜೊತೆಗೋ, ಆಮೇಲೋ ತಿಳಿಯುವ ಉಪಾಯ ಆ ಯಂತ್ರದಲ್ಲಿ ಇರಲಿಲ್ಲ.

ಮೈಕ್ ಹಾಕಿಸಿ, ಹಲಗೆ ಚಲೋ ಕೂತಿತು, ಕ್ಲಾಂಪು ಈಗಲೇ ಬಿಚ್ಚಬೇಡಿ ಎಂದರು. ಎಲ್ಲರ ಊಟವಾಯಿತಾ ಎಂದು ಕೇಳಿದರು. ಅಷ್ಟೆ.

ಅವರು ಮತ್ತೆ ಬಂದು ಕೂತಾಗ ನಾನು ಮೂತಿಯ ಎಡಬದಿಯ ಹಲಗೆಗೆ ಗುರುತು ಹಾಕುತ್ತಿದ್ದೆ. ಸ್ಪೀಕರಿನಿಂದ ಕೇಳಿತು: ‘ಮೇಸ್ತ್ರಿ, ಇವತ್ತು ಎಂತ ಮಾಡ್ತ್ರಿ?’ ಯಾರನ್ನು ಕರೆದರೆಂದು ತಿರುಗಿ ನೋಡಿದೆ. ಶೆಡ್ಡಿನಲ್ಲಿ ನಾನೊಬ್ಬನೇ ಇದ್ದೆ. ಅಣಕವೇ ಎಂದು ಅವರ ಮುಖವನ್ನು ಹತ್ತಿರದಿಂದ ನೋಡಿದೆ. ಅಣಕವಿರಲಿಲ್ಲ.

‘ಹಂಗೆ ಕರೀಬೇಡಿ, ಮಾವ’ ಎಂದೆ.

‘ಪುರೋ ಹೇಳ್ದವನ ಮತ್ತೆ ಎಂತ ಅಂತ ಕರೀಲಿ?’

ನಾನು ಉತ್ತರ ಕೊಡಲು ಬಾಯಿ ತೆರೆದೆ. ಅದೇ ಹೊತ್ತಿಗೆ ಅವರೂ ಏನೋ ಹೇಳತೊಡಗಿದ್ದರು. ಎರಡು ಮಾತೂ ಒಂದರ ಮೇಲೊಂದು ಬಿದ್ದು ತುಂಡಾದವು. ನಾನು ನಿಲ್ಲಿಸಿದೆ, ಅವರೂ ನಿಲ್ಲಿಸಿದರು. ನೀವು ಹೇಳಿ ಎಂದೆ. ಆ ಕಡೆಯಿಂದಲೂ ನೀವು ಹೇಳಿ ಎಂದು ಬಂತು. ಮತ್ತೆ ಇಬ್ಬರೂ ಕಾದೆವು. ಆ ಯಂತ್ರದಲ್ಲಿ ಮಾತಾಡಿದವರಿಗೆ ಇದು ಗೊತ್ತಿರುತ್ತದೆ. ಸಾಮಾನ್ಯವಾಗಿ ನಗು ಬರುತ್ತದೆ, ಯಾರೋ ಒಬ್ಬರು ಶುರುಮಾಡುತ್ತಾರೆ. ನಮಗೆ ನಗು ಬರಲಿಲ್ಲ. ಶುರುಮಾಡಲು ನನಗೆ ನನ್ನ ಹಟ ಅಡ್ಡ ಬಂತು, ಅವರಿಗೆ ಅವರದು ಬಂದಿರಬಹುದು. ಸ್ವಲ್ಪ ಹೊತ್ತಿಗೆ ಮಗಳು ಬಂದು, ಅಪ್ಪನಿಗೆ ಕೂರಲು ಆಗುತ್ತಿಲ್ಲ, ನಾಳೆ ಮಾತಾಡಿ ಎಂದು ಕೆಂಪು ಗುಂಡಿ ಒತ್ತಿದಳು.

ಮರುದಿನ ಅವರು ಆಸ್ಪತ್ರೆಯಲ್ಲಿದ್ದರು. ಆಮೇಲೆ ಪರದೆಯಲ್ಲಿ ಬಂದದ್ದು ಮಗಳು ಮಾತ್ರ. ಎಡಬದಿಯ ಹಲಗೆ ಏರಿಸಿದಾಗ ಕ್ಯಾಮರಾ ಹಾಕಿರಲಿಲ್ಲ. ಮಳೆಗೆ ಮುಂಚೆ ಬೋಟನ್ನು ಹೊಳೆಗಿಳಿಸಿದೆವು. ಅದು ಎರಡೂ ಬದಿಗೆ ಸಮ ನಿಂತಿತು, ಒಂದು ಹನಿ ನೀರು ಒಸರಲಿಲ್ಲ. ಯಜಮಾನರು ಎಲ್ಲರೆದುರು ನನಗೆ ಶಾಲು ಹೊದಿಸಿ, ನಿನ್ನ ಬೋಟು ಎಂದರು. ಮೇಸ್ತ್ರಿ ಹೋದ ಸುದ್ದಿ ಮಳೆ ಹಿಡಿದ ಮೇಲೆ ಐಸ್ ಪ್ಲಾಂಟಿನ ಫೋನಿಗೆ ಬಂತು. ಅಕ್ಕೋರು ಕೊಡೆಯಿಲ್ಲದೆ ರಸ್ತೆ ದಾಟಿ ಬಂದು ಹೇಳಿದರು.

ಮಗಳು ಬೂದಿ ಬಿಡಲು ಹೊಳೆಗೇ ಬಂದಳು. ದೋಣಿಯಲ್ಲಿ ಕರೆದುಕೊಂಡು ಹೋದವನು ನಾನು. ಆ ದಿನ ಅಪ್ಪ ಏನು ಹೇಳಲು ಹೊರಟಿದ್ದರು, ಗೊತ್ತೇ ಎಂದು ಕೇಳಿದೆ. ತಾನು ಒಳಗಿದ್ದೆ, ಕೇಳಿಸಿಕೊಳ್ಳಲಿಲ್ಲ ಎಂದಳು. ಆಮೇಲೆ ಅವಳೇ ಕೇಳಿದಳು, ನೀವು ಏನು ಹೇಳಲು ಹೊರಟಿದ್ದಿರಿ ಎಂದು.

ತಮಾ ಅಂತಲೇ ಕರೀರಿ, ಮಾವ. ಅಷ್ಟೇ ಹೇಳಲು ಹೊರಟಿದ್ದೆ. ಅವಳಿಗೆ ಅದನ್ನು ಹೇಳಲಾಗದೆ ಹುಟ್ಟು ಹಾಕುತ್ತ ಹೋದೆ.